ಪ್ರಾಯೋಜಕರಿಗೆ ಧನ್ಯವಾದ

ನಮ್ಮ ಮನೆಯಲ್ಲಿ ದುಡ್ಡು ಕೊಟ್ಟು ಟೀ ಶರ್ಟ್ ಕೊಂಡವರು ಯಾರೂ ಇಲ್ಲ. ಬಹ್ರೈನಿಗೆ ಬಂದ ಮೇಲೆ ಅದರ ಅಗತ್ಯವೇ ಬೀಳಲಿಲ್ಲ. ನಮ್ಮ ಕರಾವಳಿಯವರ ಸಂಘಗಳಿಗೆ ಇಲ್ಲಿ ಬರವಿಲ್ಲ. ಜಾತಿಗೊಂದು, ಊರಿಗೊಂದು, ಜಗಳವಾಡಿ ಹೊರಬಂದವರಿಗೆ ಮತ್ತೊಂದು. ಒಂದೊಂದಕ್ಕೂ ಚಳಿಗಾಲದಲ್ಲಿ ಕ್ರೀಡಾಕೂಟ, ಕ್ರೀಡಾಕೂಟಕ್ಕೊಂದು ಟೀ ಶರ್ಟ್. ಎದೆಯ ಮೇಲೆ ಸಂಘದ ಹೆಸರು, ಬೆನ್ನಿನ ಮೇಲೆ ಪ್ರಾಯೋಜಕರ ಹೆಸರು. ಗೇಟಿನ ಹತ್ತಿರ ಯಾರೋ ನಮ್ಮ ಹೊಟ್ಟೆಯನ್ನೊಮ್ಮೆ ನೋಡಿ ಒಂದನ್ನು ಕೈಗೆ ತುರುಕುತ್ತಾರೆ. ತೊಟ್ಟ ಬಟ್ಟೆಯ ಮೇಲೆಯೇ ಅದನ್ನು ಎಳೆದುಕೊಂಡು ಒಳಗೆ ಹೋಗುವುದು. ನನ್ನ ಗಂಡ ಮಲಗುವುದು ಯಾವುದೋ ಸಿಮೆಂಟ್ ಕಂಪನಿಯ ಕಬಡ್ಡಿ ಟೀ ಶರ್ಟಿನಲ್ಲಿ. ಮಗಳು ಬೆಳೆದದ್ದು ಮೊಣಕಾಲಿನ ತನಕ ಇಳಿಯುವ ಅಂಥವೇ ಟೀ ಶರ್ಟುಗಳಲ್ಲಿ. ಹಳತಾದದ್ದು ಅಡಿಗೆಮನೆಯ ಮಸಿಬಟ್ಟೆ, ಅಲ್ಲಿಂದಲೂ ನಿವೃತ್ತಿಯಾದರೆ ಕಾರು ಒರೆಸಲು. ತಮಾಷೆಗೆ ಹೇಳುತ್ತಿಲ್ಲ. ಈ ಒಂದು ಅಭ್ಯಾಸ ನನ್ನ ಮಗಳ ಆಟವನ್ನು ಮುಗಿಸಿತು.

ಅವಳು ಓದುತ್ತಿದ್ದದ್ದು ಊರಿನಲ್ಲಿ, ಕರಾವಳಿಯ ಒಂದು ಕಾಲೇಜಿನಲ್ಲಿ. ವಾಲಿಬಾಲ್ ಆಡುತ್ತಾಳೆಂದೇ ಕರೆದು ಸೀಟು ಕೊಟ್ಟಿದ್ದರು. ಹಾಸ್ಟೆಲು, ಊಟ, ಶೂಸು ಎಲ್ಲ ಕಾಲೇಜಿನದೇ. ಎರಡನೇ ವರ್ಷ ಮುಗಿಯುತ್ತಾ ಬಂದಾಗ ಆಡಳಿತದವರಿಗೆ ಹೊಸ ಆಲೋಚನೆ ಹೊಳೆಯಿತು. ಅಮೆರಿಕದ ಕಾಲೇಜುಗಳಲ್ಲಿ ಈಗ ಆಟಗಾರರ ಹೆಸರಿಗೂ ಮುಖಕ್ಕೂ ಹಣ ಕೊಡುತ್ತಾರಂತೆ, ನಾವೂ ಹಾಗೇ ಮಾಡುವ ಎಂದರು. ಉಚಿತ ಹಾಸ್ಟೆಲು ರದ್ದಾಯಿತು. ಅದರ ಬದಲು ಗೇಟಿನ ಪಕ್ಕ ಅಭಿಮಾನಿಗಳಿಗೊಂದು ಅಂಗಡಿ ಬಂತು. ಅಲ್ಲಿ ಪ್ರತಿಯೊಬ್ಬ ಆಟಗಾರ್ತಿಯ ಹೆಸರು, ನಂಬರು ಇರುವ ಜೆರ್ಸಿ ತೂಗುಹಾಕಿದರು. ಯಾರ ಜೆರ್ಸಿ ಎಷ್ಟು ಮಾರಾಟವಾಗುತ್ತದೋ ಅದರಲ್ಲೊಂದು ಪಾಲು ಅವರಿಗೆ ಸಂಭಾವನೆ. ಆ ಸಂಭಾವನೆಯಿಂದ ಹಾಸ್ಟೆಲಿನ ಖರ್ಚು ಕಟ್ಟಿಕೊಂಡು ಮುಂದಿನ ವರ್ಷ ಆಡಬೇಕು. ಕೇಳಲಿಕ್ಕೆ ಬಹಳ ಚೆಂದ.

ನನ್ನ ಮಗಳು ಸೆಟ್ಟರ್. ಅಂದರೆ ಚೆಂಡನ್ನು ಬೆರಳ ತುದಿಯಲ್ಲಿ ಎತ್ತಿ ಕೊಡುವವಳು. ಅವಳು ಎತ್ತಿಕೊಟ್ಟದ್ದನ್ನು ಇನ್ನೊಬ್ಬಳು ಹಾರಿ ಹೊಡೆಯುತ್ತಾಳೆ. ಜನ ಶಿಳ್ಳೆ ಹಾಕುವುದು ಹೊಡೆದವಳಿಗೆ, ಪೇಪರಿನಲ್ಲಿ ಫೋಟೋ ಬರುವುದು ಹೊಡೆದವಳದು, ಜೆರ್ಸಿ ಮಾರಾಟವಾಗುವುದೂ ಹೊಡೆದವಳದೇ. ಅಂಗಡಿ ತೆರೆದ ಮೇಲೆ ಸ್ಮಾಷ್ ಹೊಡೆಯುವ ಹುಡುಗಿಯರ ಜೆರ್ಸಿ ಮತ್ತೆ ಮತ್ತೆ ಹೊಲಿಸಬೇಕಾಯಿತು. ನನ್ನ ಮಗಳ ಎಂಟನೇ ನಂಬರು ಹ್ಯಾಂಗರಿನಲ್ಲೇ ಧೂಳು ತಿಂದಿತು. ಅವಳಿಲ್ಲದಿದ್ದರೆ ಆ ಹುಡುಗಿಯರು ಗಾಳಿಗೆ ಹೊಡೆಯಬೇಕಿತ್ತು ಎಂದು ನಾನು ಫೋನಿನಲ್ಲಿ ಕೂಗಾಡಿದೆ. ಅವಳು ನನ್ನನ್ನು ಸಮಾಧಾನ ಮಾಡಿದಳು. ಮಕ್ಕಳು ತಾಯಿಯನ್ನು ಸಮಾಧಾನ ಮಾಡುವ ಧ್ವನಿ ನನಗೆ ಈಗಲೂ ಕೇಳಲಿಕ್ಕಾಗುವುದಿಲ್ಲ.

ಅವಳ ಕೋಚ್ ನನಗೊಮ್ಮೆ ಫೋನ್ ಮಾಡಿದರು. ಒಳ್ಳೆಯ ಮನುಷ್ಯ. "ಮೇಡಂ, ಅವಳನ್ನು ಬಿಡ್ಲಿಕ್ಕೆ ನನಗೆ ಮನಸ್ಸಿಲ್ಲ. ಆದ್ರೆ ಜೆರ್ಸಿ ಹೋಗದಿದ್ರೆ ಒಪ್ಪಂದ ಮಾಡ್ಲಿಕ್ಕೆ ಮೇಲಿನವರು ಬಿಡುದಿಲ್ಲ. ನಿಮ್ಮಲ್ಲಿ ಗಲ್ಫಿನಲ್ಲಿ ನಮ್ಮವರು ತುಂಬ ಜನ ಉಂಟಲ್ಲ? ನೀವೇ ಅಲ್ಲಿ ಹೊಲಿಸಿ ಮಾರಿ. ಬಂದದ್ದನ್ನು ಅಂಗಡಿಯ ಖಾತೆಗೆ ಹಾಕಿದ್ರೆ ಅವಳ ಪಾಲಿಗೆ ಸೇರ್ತದೆ," ಎಂದರು. ಮುಂದಿನ ವರ್ಷ ಆಡುತ್ತಾಳೋ ಇಲ್ಲವೋ ಎಂದು ಅವಳು ಸಹಿ ಹಾಕಬೇಕಾದ ದಿನವನ್ನೂ ಹೇಳಿದರು. ಅದು ನಮ್ಮ ಸಂಘದ ಕ್ರೀಡಾಕೂಟ ಮುಗಿದ ಮರುವಾರವೇ ಇತ್ತು. ದೇವರೇ ಹೊಂದಿಸಿಕೊಟ್ಟ ಎಂದುಕೊಂಡೆ.

ನಮ್ಮಿಂದಲೇ ಹಾಸ್ಟೆಲಿಗೆ ಕಟ್ಟಲಾಗುತ್ತಿರಲಿಲ್ಲವೇ ಎಂದು ಓದುವವರು ಕೇಳಬಹುದು. ನನ್ನ ಗಂಡನ ಕಂಪನಿ ಆಗ ತಿಂಗಳುಗಟ್ಟಲೆ ಸಂಬಳ ಕೊಟ್ಟಿರಲಿಲ್ಲ. ಇವತ್ತು, ನಾಳೆ, ಇನ್ಶಾಲ್ಲಾ. ನಾನು ಸಲ್ಮಾನಿಯಾದ ಹತ್ತಿರ ಒಂದು ಸಣ್ಣ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ನನ್ನ ಸಂಬಳದಲ್ಲಿ ಹಮದ್ ಟೌನಿನ ಮನೆಬಾಡಿಗೆ ಕಟ್ಟಿ, ಕಾರಿಗೆ ಪೆಟ್ರೋಲು ಹಾಕಿಸಿದರೆ ಉಳಿಯುವುದು ಅಕ್ಕಿಬೇಳೆಗೆ. ಬಳೆ ಮೊದಲೇ ಹೋಗಿತ್ತು. ಕಾರು ಮಾರಿದರೆ ಕೆಲಸಕ್ಕೆ ಹೋಗುವುದು ಹೇಗೆ? ಯಾವ ಕಡೆ ತಿರುಗಿದರೂ ಗೋಡೆ. ಈ ಜೆರ್ಸಿ ಒಂದೇ ಬಾಗಿಲಿನ ಹಾಗೆ ಕಂಡದ್ದು.

ಹೊಲಿಸಲಿಕ್ಕೆ ಹಣ ಬೇಕಲ್ಲ. ನನ್ನ ಗಂಡ ನಮ್ಮೂರಿನ ಕಡೆಯವರೇ ಆದ ಒಬ್ಬ ಸೂಪರ್ ಮಾರ್ಕೆಟಿನ ಧಣಿಗಳನ್ನು ಹೋಗಿ ಕಂಡರು. ಅವರು ಚಹಾ ಕುಡಿಸಿ, "ನಮ್ಮ ಹುಡುಗಿ ಆಡುದಾದ್ರೆ ನಾನು ಮಾಡಿಸಿ ಕೊಡ್ತೇನೆ ಮಾರಾಯ್ರೆ, ಬೆನ್ನಿಗೆ ನಮ್ಮ ಅಂಗಡಿಯ ಹೆಸರೊಂದು ಇರ್ಲಿ," ಎಂದರಂತೆ. ಇವರು ಮನೆಗೆ ಬಂದಾಗ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಇತ್ತು. ನಾನೂ ಕುಣಿದೆ. ಬಟ್ಟೆಯ ಖರ್ಚು, ಪ್ರಿಂಟಿನ ಖರ್ಚು ಎಲ್ಲ ಅವರದಾದರೆ, ಮಾರಿ ಬಂದದ್ದೆಲ್ಲ ಮಗಳಿಗೆ. ಬೆನ್ನಿನ ಮೇಲಿನ ಆ ಒಂದು ಸಾಲು ನಮ್ಮನ್ನು ಮುಳುಗಿಸಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಟೀ ಶರ್ಟಿನ ಬೆನ್ನಿನ ಮೇಲೆ ಅಂಗಡಿಯ ಹೆಸರಿಲ್ಲದೆ ಇರುವುದನ್ನು ನಾವು ಈ ದೇಶದಲ್ಲಿ ನೋಡಿಯೇ ಇರಲಿಲ್ಲ.

ಮನಾಮದ ಗಲ್ಲಿಯಲ್ಲಿ ಪ್ರಿಂಟ್ ಹಾಕಿಸಿದೆವು. ಕಡು ನೀಲಿ ಬಟ್ಟೆ, ಎದೆಯಲ್ಲಿ ಮಗಳ ಹೆಸರು, ಅದರ ಕೆಳಗೆ ದೊಡ್ಡದಾಗಿ ಬಿಳಿ ಎಂಟು. ಮೊದಲನೆಯದನ್ನು ಮನೆಯಲ್ಲಿ ಬಕೆಟಿನಲ್ಲಿ ನೆನೆಹಾಕಿ, ಉಜ್ಜಿ, ಬಿಸಿಲಿಗೆ ಹಾಕಿ ನೋಡಿದೆ. ಬಣ್ಣ ಹೋಗಲಿಲ್ಲ. ಮಗಳಿಗೆ ವಿಡಿಯೋ ಕಾಲ್ ಮಾಡಿ ಬಕೆಟಿನ ನೀರನ್ನೇ ತೋರಿಸಿದೆ. "ನೋಡು, ಕಲರ್ ಹೋಗುದಿಲ್ಲ. ಎಲ್ಲರಿಗೂ ಹೀಗೇ ಹೇಳಿ ಮಾರುದು ನಾನು," ಎಂದೆ. ಅವಳು ನಕ್ಕು, "ಅಮ್ಮ, ನೀನು ಜೆರ್ಸಿ ಮಾರ್ತಿದ್ದೀಯಾ, ಸೀರೆ ಮಾರ್ತಿದ್ದೀಯಾ?" ಎಂದಳು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ದರ ಬರೆದು ಬೋರ್ಡು ಮಾಡಿದೆ. ಸಣ್ಣದು, ದೊಡ್ಡದು, ಅದಕ್ಕಿಂತ ದೊಡ್ಡದು ಎಂದು ಬೇರೆ ಬೇರೆ ಕಟ್ಟು ಕಟ್ಟಿದೆ.

ಕ್ರೀಡಾಕೂಟ ಶುಕ್ರವಾರ, ಬುದಯ್ಯದ ಕಡೆ ಬಾಡಿಗೆಗೆ ಹಿಡಿದ ಒಂದು ತೋಟದ ಮೈದಾನದಲ್ಲಿ. ಅವತ್ತು ಕ್ಲಿನಿಕ್ಕಿನಲ್ಲಿ ನನ್ನ ಪಾಳಿ ಇತ್ತು, ರಜೆ ಸಿಗಲಿಲ್ಲ. ಮೇಜು ಹಾಕಿ ಮಾರುವ ಕೆಲಸವನ್ನು ಇವರಿಗೆ ವಹಿಸಿ ಹೋದೆ. ಎಷ್ಟು ಸಲ ಹೇಳಿದೆನೋ. ಮೊದಲು ದುಡ್ಡು, ಆಮೇಲೆ ಜೆರ್ಸಿ. ನಮ್ಮ ಕ್ಲಿನಿಕ್ಕಿನ ಕ್ರಮವೂ ಅದೇ. ಕುರ್ಚಿಯಲ್ಲಿ ಬಾಯಿ ತೆರೆದು ಕೂತವರು ಎಷ್ಟೇ ದೊಡ್ಡವರಿರಲಿ, ದುಡ್ಡು ಕೇಳಲಿಕ್ಕೆ ನನಗೆ ನಾಚಿಕೆ ಎಂಬುದಿಲ್ಲ. ಇವರಿಗೆ ಅದು ಬರುವುದಿಲ್ಲ ಎಂದು ಮದುವೆಯಾದಾಗಿನಿಂದ ಗೊತ್ತು. ಆದರೂ ಬೇರೆ ದಾರಿ ಇರಲಿಲ್ಲ.

ಪಾಳಿ ಮುಗಿಸಿ ಮಧ್ಯಾಹ್ನ ನಾನು ಅಲ್ಲಿಗೆ ತಲುಪಿದೆ. ಗೇಟಿನಲ್ಲಿ ಕಾಲಿಟ್ಟವಳು ಅಲ್ಲೇ ನಿಂತೆ. ಇಡೀ ಮೈದಾನ ನೀಲಿಯಾಗಿತ್ತು. ಹಗ್ಗ ಎಳೆಯುವವರು ನೀಲಿ, ಥ್ರೋಬಾಲ್ ಆಡುವ ಹೆಂಗಸರು ನೀಲಿ, ಕುರ್ಚಿಯಲ್ಲಿ ಕೂತ ಹಿರಿಯರು ನೀಲಿ, ಲೋಟದಲ್ಲಿ ಮಜ್ಜಿಗೆ ಹಿಡಿದು ಹೋಗುವವರು ನೀಲಿ. ಎಲ್ಲಿ ನೋಡಿದರೂ ನನ್ನ ಮಗಳ ಹೆಸರು. ಗೇಟಿನ ಕಂಬ ಹಿಡಿದುಕೊಂಡು ಅತ್ತುಬಿಟ್ಟೆ. ಎಲ್ಲ ಮಾರಾಟವಾಗಿದೆ, ನನ್ನ ಮಗಳು ಆಡುತ್ತಾಳೆ ಎಂದುಕೊಂಡೆ. ನನ್ನ ಜೀವನದಲ್ಲಿ ಅಷ್ಟು ಸಂತೋಷ ಅದಕ್ಕಿಂತ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಕಣ್ಣೊರೆಸಿಕೊಂಡು ಮೇಜಿನ ಹತ್ತಿರ ಹೋದೆ. ಮೇಜು ಖಾಲಿ. ಅದರ ಎದುರಿಗೆ ಸೂಪರ್ ಮಾರ್ಕೆಟಿನ ದೊಡ್ಡ ಬ್ಯಾನರು ಕಟ್ಟಿದ್ದರು. ನನ್ನ ದರದ ಬೋರ್ಡು ಅದರ ಹಿಂದೆ ನಿಂತೇ ಇತ್ತು, ಯಾರ ಕಣ್ಣಿಗೂ ಬೀಳದ ಹಾಗೆ. ಇವರು ಕುರ್ಚಿಯಲ್ಲಿ ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದರು. ನನ್ನನ್ನು ನೋಡಿ ಏಳಲಿಲ್ಲ.

"ದುಡ್ಡೆಲ್ಲಿ?" ಎಂದೆ.

"ಇಲ್ಲ," ಎಂದರು.

"ಇಲ್ಲ ಅಂದ್ರೆ ಎಂತ?"

"ಯಾರೂ ಕೊಡ್ಲಿಲ್ಲ. ನಾನು ಕೇಳ್ಲಿಲ್ಲ. ಖಲಾಸ್."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ವಿಷಯ ತಿಳಿಯಿತು. ಬೆಳಿಗ್ಗೆ ಉದ್ಘಾಟನೆಗೆ ಧಣಿಗಳು ಬಂದಿದ್ದರು. ಮಾಡಿದವರನ್ನು ಸ್ಮರಿಸಬೇಕಲ್ಲ, ಇವರು ಒಂದು ಚೀಟಿಯಲ್ಲಿ ಅವರ ಹೆಸರು ಬರೆದು ಧನ್ಯವಾದ ಹೇಳುವಂತೆ ಮೈಕಿನವರಿಗೆ ಕೊಟ್ಟರು. ಮೈಕಿನವರು ಓದಿದರು. "ಇಂದಿನ ಟೀ ಶರ್ಟಿನ ಪ್ರಾಯೋಜಕರಿಗೆ ಹೃತ್ಪೂರ್ವಕ ಧನ್ಯವಾದಗಳು. ಎಲ್ಲರೂ ತಮ್ಮ ತಮ್ಮ ಟೀ ಶರ್ಟುಗಳನ್ನು ಪಡೆದುಕೊಳ್ಳಬೇಕಾಗಿ ವಿನಂತಿ." ಎರಡನೆಯ ವಾಕ್ಯ ಚೀಟಿಯಲ್ಲಿ ಇರಲಿಲ್ಲ. ಪ್ರತಿ ವರ್ಷ ಹೇಳಿ ಹೇಳಿ ಅದು ಅವರ ನಾಲಿಗೆಯಲ್ಲೇ ಕೂತಿತ್ತು. ಜನ ಎದ್ದು ಸಾಲಾಗಿ ಬಂದರು. ಎಲ್ಲರಿಗಿಂತ ಮುಂದೆ ಸಂಘದ ಹಿರಿಯರು. ಧಣಿಗಳಿಗೂ ಸಂಭ್ರಮ, ಮೇಜಿನ ಹಿಂದೆ ಬಂದು ತಾವೇ ಎರಡೂ ಕೈಯಲ್ಲಿ ಎತ್ತಿ ಎತ್ತಿ ಕೊಟ್ಟರು. ಫೋಟೋದವನು ಕ್ಲಿಕ್ಕಿಸುತ್ತಿದ್ದ. ಮಾರುವ ವಿಷಯ ಅವರಿಗೆ ಇವರು ಸರಿಯಾಗಿ ಹೇಳಿರಲೇ ಇಲ್ಲ. ಹೇಳಿದ್ದರೂ, ಪ್ರಾಯೋಜಕರು ಇರುವಾಗ ಟೀ ಶರ್ಟಿಗೆ ದುಡ್ಡು ಎಂಬ ಮಾತು ಅವರ ತಲೆಗೆ ಹೋಗುತ್ತಿತ್ತೋ ಇಲ್ಲವೋ.

"ಬಾಯಿ ಇರ್ಲಿಲ್ವಾ ನಿಮಗೆ?" ಎಂದು ಕೇಳಿದೆ.

"ಹಿರಿಯರು ಕೈ ಚಾಚಿ ನಿಂತಿದ್ರು. ಅವರಿಗೆ ಹೇಗೆ ಹೇಳುದು? ಧಣಿಗಳು ಪಕ್ಕದಲ್ಲೇ ಇದ್ರು. ಅವರ ಮರ್ಯಾದೆ..."

"ಅವರ ಮರ್ಯಾದೆ. ಮಗಳು ಏನು ತಿನ್ಬೇಕು, ಎಲ್ಲಿ ಮಲಗ್ಬೇಕು?"

ನನಗೆ ಇವರನ್ನು ಹೊಡೆಯಬೇಕೆನಿಸಿತು. ಅಷ್ಟೇ ಬಲವಾಗಿ ಅವರ ಮಡಿಲಲ್ಲಿ ತಲೆಯಿಟ್ಟು ಬಿದ್ದುಬಿಡಬೇಕೆಂದೂ ಅನಿಸಿತು.

ನಾನೇ ಕೇಳುತ್ತೇನೆಂದು ಹೊರಟೆ. ಹಗ್ಗ ಎಳೆದು ಸುಸ್ತಾಗಿ ನೆಲದಲ್ಲಿ ಕೂತಿದ್ದ ಒಬ್ಬ ಪರಿಚಯದವನ ಹತ್ತಿರ ಹೋಗಿ, "ತಮ್ಮ, ಇದು ಪುಕ್ಕಟೆ ಅಲ್ಲ. ಮಗಳ ಕಾಲೇಜಿನದು," ಎಂದೆ. ಅವನು ಬೆಪ್ಪಾಗಿ ನನ್ನನ್ನು ನೋಡಿದ. "ಎಂತ ಅಕ್ಕ, ಇದಕ್ಕೆ ದುಡ್ಡಾ? ಮೈಕಿನಲ್ಲಿ ಹೇಳಿದ್ರಲ್ಲ," ಎಂದ. ಮರುಕ್ಷಣ, "ಸಾರಿ ಅಕ್ಕ, ಗೊತ್ತಿದ್ರೆ ತಗೊಳ್ತಿರ್ಲಿಲ್ಲ," ಎಂದು ಅಲ್ಲೇ ಬಿಚ್ಚಿ ಕೈಗೆ ಕೊಟ್ಟ. ಬೆವರಿನಲ್ಲಿ ತೊಯ್ದ ಬಟ್ಟೆ ನನ್ನ ಕೈಯಲ್ಲಿ ಬಿಸಿಯಾಗಿತ್ತು. ಪಕ್ಕದಲ್ಲಿದ್ದ ಅವನ ಹೆಂಡತಿ ಪರ್ಸು ತೆರೆದು ಒಂದು ನೋಟನ್ನು ಮಡಚಿ, ಯಾರಿಗೂ ಕಾಣದ ಹಾಗೆ ನನ್ನ ಮುಷ್ಟಿಯೊಳಗೆ ಇಟ್ಟಳು. ಕಾಯಿಲೆಯವರ ಮನೆಗೆ ಹೋದಾಗ ಕೊಡುವ ಹಾಗೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. ಅದನ್ನು ಅವಳ ಪರ್ಸಿಗೇ ವಾಪಸು ತುರುಕಿದೆ. ಜೆರ್ಸಿಯ ಬೆಲೆ ಕೊಟ್ಟಿದ್ದರೆ ತಲೆಯೆತ್ತಿ ತೆಗೆದುಕೊಳ್ಳುತ್ತಿದ್ದೆ.

ಒಬ್ಬೊಬ್ಬರನ್ನೇ ಕೇಳಿದರೆ ಹೀಗೇ ಆಗುವುದು, ಎಲ್ಲರಿಗೂ ಒಟ್ಟಿಗೆ ಹೇಳಿಬಿಡುವುದೇ ಸರಿ ಎಂದು ಮೈಕಿನ ಕಡೆ ನಡೆದೆ. ಇವರು ಹಿಂದಿನಿಂದ ಕರೆದರು, ತಿರುಗಲಿಲ್ಲ. ಮೈಕಿನವರು ನನ್ನನ್ನು ಕಂಡದ್ದೇ ಮುಖವರಳಿಸಿ, "ನಮ್ಮೆಲ್ಲರ ಹೆಮ್ಮೆಯ ಆಟಗಾರ್ತಿಯ ತಾಯಿ ಈಗ ಎರಡು ಮಾತು ಆಡ್ತಾರೆ, ಜೋರಾಗಿ ಚಪ್ಪಾಳೆ," ಎಂದು ಮೈಕು ನನ್ನ ಕೈಗೆ ಕೊಟ್ಟರು.

ಚಪ್ಪಾಳೆ ನಿಲ್ಲಲೇ ಇಲ್ಲ. ಯಾರೋ ಮಗಳ ಹೆಸರು ಕೂಗಿದರು. ಉಳಿದವರೂ ಕೂಗಿದರು. ಅವಳು ಚಿಕ್ಕವಳಿದ್ದಾಗ ಇದೇ ಕ್ರೀಡಾಕೂಟಗಳಲ್ಲಿ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದನ್ನು ನೋಡಿದವರು ಇವರು. ಅವಳಿಗೆ ಜ್ವರ ಬಂದಾಗ ಗಂಜಿ ತಂದವರು ಇವರು. ಎಲ್ಲರ ಎದೆಯ ಮೇಲೂ ಅವಳ ಹೆಸರು, ಎಲ್ಲರ ಮುಖದಲ್ಲೂ ಅಭಿಮಾನ. ಅದು ಸುಳ್ಳಲ್ಲ. ಅವರು ಅವಳ ಅಭಿಮಾನಿಗಳೇ. ಎದುರಿನ ಸಾಲಿನಲ್ಲಿ ಧಣಿಗಳು ಕೂತಿದ್ದರು, ನೀಲಿ ಟೀ ಶರ್ಟಿನಲ್ಲಿ, ಕೈ ಮುಗಿದುಕೊಂಡು. ನನ್ನ ಬಾಯಿಯಲ್ಲಿ ಮಾತು ಸಿದ್ಧವಾಗಿತ್ತು, ದಯವಿಟ್ಟು ಬೆಲೆ ಕೊಡಿ ಎಂದು ಹೇಳಿದರೆ ಆಗಿತ್ತು. ದಿನವೂ ಕ್ಲಿನಿಕ್ಕಿನಲ್ಲಿ ಮುಲಾಜಿಲ್ಲದೆ ಹೇಳುವ ಮಾತು.

"ಪ್ರಾಯೋಜಕರಿಗೆ ಧನ್ಯವಾದ," ಎಂದೆ. "ನಿಮಗೆಲ್ಲರಿಗೂ ಧನ್ಯವಾದ."

ಮೈಕು ವಾಪಸು ಕೊಟ್ಟೆ. ಗ್ರೂಪ್ ಫೋಟೋಗೆ ಕರೆದರು. ಮಧ್ಯದಲ್ಲಿ ನಿಲ್ಲಿಸಿದರು. ಒಂದು ಫೋಟೋ ಎದುರಿನಿಂದ, ಇನ್ನೊಂದು ಎಲ್ಲರೂ ಬೆನ್ನು ತಿರುಗಿಸಿ, ಅಂಗಡಿಯ ಹೆಸರು ಕಾಣುವಂತೆ. ಇಲ್ಲಿನ ಪದ್ಧತಿಯೇ ಹಾಗೆ.

ಮನೆಗೆ ಹೋಗುವ ದಾರಿಯಲ್ಲೇ ಮಗಳು ಫೋನ್ ಮಾಡಿದಳು, ಎತ್ತಲಿಲ್ಲ. ಫೋಟೋಗಳನ್ನು ಯಾರೋ ಅವಳಿಗೆ ಆಗಲೇ ಕಳುಹಿಸಿದ್ದರು. ಅವಳು ಅದಕ್ಕೊಂದು ಕೆಂಪು ಹೃದಯ ಹಾಕಿದ್ದಳು. ಎಲ್ಲ ಮಾರಾಟವಾಗಿದೆ ಎಂದು ನಂಬಿ ಹುಡುಗಿ ಕುಣಿಯುತ್ತಿರಬಹುದು, ಅವಳಿಗೆ ಯಾವ ಬಾಯಲ್ಲಿ ಹೇಳಲಿ ಎಂದುಕೊಂಡೆ. ಮರುದಿನ ಇವರು ಸಾಲ ಕೇಳಲು ಒಬ್ಬರ ಮನೆಗೆ, ನಾನು ಮುಂಗಡ ಕೇಳಲು ಕ್ಲಿನಿಕ್ಕಿನ ಮ್ಯಾನೇಜರ ಹತ್ತಿರ ಹೋದೆವು. ಇಬ್ಬರೂ ಬರಿಗೈಯಲ್ಲಿ ಬಂದೆವು. ಕೊನೆಗೆ ನಾನೇ ಮಗಳಿಗೆ ಫೋನ್ ಮಾಡಿದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ, "ನೀನು ಊಟ ಮಾಡಿದೆಯಾ?" ಎಂದೆ.

"ಅಮ್ಮ, ಹೇಳುದು ಬೇಡ," ಎಂದಳು. "ನನಗೆ ಫೋಟೋ ನೋಡಿದಾಗಲೇ ಗೊತ್ತಾಯ್ತು."

"ಎಂತ ಗೊತ್ತಾಯ್ತು?"

"ದುಡ್ಡು ಕೊಟ್ಟು ತಗೊಂಡವರು ಸೈಜ್ ನೋಡ್ತಾರೆ. ಆ ಆಂಟಿ ಚೂಡಿದಾರಿನ ಮೇಲೆ ಹಾಕ್ಕೊಂಡಿದ್ದಾರೆ. ಆ ಅಂಕಲ್‌ನ ಹೊಟ್ಟೆಗೆ ಅದು ಇಳೀಲೇ ಇಲ್ಲ, ಕುತ್ತಿಗೆಯಲ್ಲಿ ಶಾಲಿನ ಹಾಗೆ ಹಾಕ್ಕೊಂಡು ನಿಂತಿದ್ದಾರೆ. ಅಮ್ಮ, ನಾನು ಅಲ್ಲೇ ಬೆಳೆದವಳಲ್ವಾ."

ನಾನು ಏನೇನೋ ಹೇಳಿದೆ. ಇನ್ನೂ ಸಮಯ ಉಂಟು, ಸರ್‌ಗೆ ಹೇಳು, ನಾನು ಯಾರನ್ನಾದರೂ ಕೇಳುತ್ತೇನೆ, ಪಪ್ಪನ ಸಂಬಳ ಈ ತಿಂಗಳು ಬಂದೇ ಬರುತ್ತದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಸರ್‌ಗೆ ನಿನ್ನೆಯೇ ಹೇಳಿದೆ, ನಾನು ಸಹಿ ಹಾಕುದಿಲ್ಲ ಅಂತ. ಫರ್ಸ್ಟ್ ಇಯರಿನ ಒಂದು ಹುಡುಗಿ ಉಂಟು, ಅವಳ ಕೈ ಒಳ್ಳೇದುಂಟು. ಅವಳಿಗೆ ಹೇಳಿಕೊಟ್ಟು ಬರ್ತೇನೆ. ಪಪ್ಪನಿಗೆ ಬೈಬೇಡ."

ಬೈಯಲಿಲ್ಲ. ಬೈಯಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಫೋನಿಟ್ಟ ಮೇಲೆ ನಾವಿಬ್ಬರೂ ನೆಲದಲ್ಲಿ ಕೂತು ಅತ್ತೆವು. ಗಂಡ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

ಪರೀಕ್ಷೆ ಮುಗಿಸಿ ಅವಳು ಬಹ್ರೈನಿಗೆ ಬಂದಳು. ಉಳಿದ ಡಿಗ್ರಿಯನ್ನು ಮನೆಯಿಂದಲೇ ಓದಿ ಮುಗಿಸುತ್ತಿದ್ದಾಳೆ. ಹಗಲು ಹಮದ್ ಟೌನಿನ ಒಂದು ಕೇಕಿನ ಅಂಗಡಿಯ ಕೌಂಟರಿನಲ್ಲಿ ಕೆಲಸ. ವಾಲಿಬಾಲ್ ಎಂಬ ಮಾತೇ ನಮ್ಮ ಮನೆಯಲ್ಲಿ ಬರುವುದಿಲ್ಲ. ಸಂಘದವರು ಸಿಕ್ಕಿದಾಗ, "ಈಗ ಆಡುದಿಲ್ವಾ?" ಎಂದು ಕೇಳುತ್ತಾರೆ. "ಇಲ್ಲ ಅಂಕಲ್, ಓದ್ಲಿಕ್ಕೆ ಉಂಟಲ್ಲ," ಎನ್ನುತ್ತಾಳೆ ನಗುತ್ತಾ. ಆ ನಗು ನೋಡಿ ನಾನು ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತೇನೆ.

ಮೊನ್ನೆ ಅವಳನ್ನು ಕೆಲಸದಿಂದ ಕರೆದುಕೊಂಡು ಬರುವಾಗ ರೌಂಡಬೌಟಿನ ಪಕ್ಕದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿದ್ದೆ. ಕಾರು ತೊಳೆಯುವ ಇಬ್ಬರು ನಮ್ಮ ಎರಡೂ ಪಕ್ಕದ ಕಾರುಗಳನ್ನು ಒರೆಸಿ ಮುಗಿಸುತ್ತಿದ್ದರು. ಒಬ್ಬನ ಕೈಯಲ್ಲಿ ಕಡು ನೀಲಿ ಬಟ್ಟೆ. ಅವನು ಕೈ ಎತ್ತಿದಾಗ ಬಿಳಿ ಎಂಟು ಕಾಣಿಸಿತು. ಅವಳು ನೋಡದಿರಲಿ ಎಂದು ಬೇಗ ಬೇಗ ಕಾರು ಸ್ಟಾರ್ಟ್ ಮಾಡಲು ಹೋದೆ. ಕೀಲಿ ಕೈಜಾರಿ ಕೆಳಗೆ ಬಿತ್ತು.

"ಕಲರ್ ಹೋಗ್ಲಿಲ್ಲ ಅಲ್ವಾ ಅಮ್ಮ," ಎಂದಳು. "ನೀನು ಹೇಳಿದ ಹಾಗೆಯೇ."

ನಾನು ನಗಲೂ ಆರದೆ, ಅಳಲೂ ಆರದೆ ಬಗ್ಗಿ ಕೀಲಿ ಹುಡುಕುತ್ತಿದ್ದೆ. ಆ ಮನುಷ್ಯ ಬಟ್ಟೆಯನ್ನು ಹಿಂಡಿ ಉಂಡೆ ಮಾಡಿ, ನಮ್ಮ ಕಾರಿನ ಬಾನೆಟಿನ ಮೇಲಿನಿಂದ ಆಚೆ ಬದಿಯವನಿಗೆ ಎಸೆದ. ಅದು ಗಾಜಿನ ಎದುರು ಮೇಲಕ್ಕೆ ಹೋಯಿತು. ನಾನು ತಲೆಯೆತ್ತಿದಾಗ ಮಗಳ ಎರಡೂ ಕೈಗಳು ಹಣೆಯ ಮುಂದಕ್ಕೆ ಎದ್ದಿದ್ದವು, ಹತ್ತೂ ಬೆರಳು ಬಿಡಿಸಿಕೊಂಡು, ಬರುವ ಚೆಂಡಿಗೆ ಕಾಯುವ ಹಾಗೆ.

ನಾನು ನೋಡುತ್ತಿದ್ದೇನೆಂದು ತಿಳಿದದ್ದೇ ಅವಳು ಕೈ ಇಳಿಸಿ, ಸೀಟ್ ಬೆಲ್ಟನ್ನು ಎಳೆದು ಹಾಕಿಕೊಂಡಳು.

"ಹೋಗುವ ಅಮ್ಮ," ಎಂದಳು.